ಒಂದು ವಾರದ ಓಡಾಟ, ಒಂದು ಟ್ರಂಕು

ನಿವೃತ್ತರಿಗೆ ಬಿಡುವು ಹೆಚ್ಚು ಎಂಬುದು ಇನ್ನೂ ನಿವೃತ್ತರಾಗದವರು ಹುಟ್ಟಿಸಿದ ಮಾತು. ಶಾಲೆಯಲ್ಲಿದ್ದಾಗ ಗಂಟೆ ಹೊಡೆದರೆ ಒಂದು ಪಾಠವಾದರೂ ಮುಗಿಯುತ್ತಿತ್ತು. ಈಗ ಗಂಟೆ ಹೊಡೆಯುವವರೇ ಇಲ್ಲವಾದ್ದರಿಂದ ಯಾವ ಕೆಲಸವೂ ಮುಗಿಯುವುದಿಲ್ಲ. ಕಳೆದ ನವೆಂಬರಿನ ಒಂದು ವಾರವಂತೂ ನಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಚೌಕವೂ ಖಾಲಿ ಉಳಿದಿರಲಿಲ್ಲ. ಬ್ಯಾಂಕು, ಕಣ್ಣಿನ ಆಸ್ಪತ್ರೆ, ಗಡಿಯಾರದ ಅಂಗಡಿ, ಗ್ಯಾಸಿನವರ ಕಚೇರಿ, ಕುಕ್ಕರಿನ ಗ್ಯಾಸ್ಕೆಟ್ಟು. ಇವೆಲ್ಲದರ ನಡುವೆ ಊರಿನ ಮನೆಯಿಂದ ಬಂದು ನಮ್ಮ ಹಜಾರದ ಮಧ್ಯದಲ್ಲೇ ಕುಳಿತಿದ್ದ ತಗಡಿನ ಟ್ರಂಕು! ಹಳೆಯ ಮನೆಯನ್ನು ಮಾರಿದ್ದಾಗಿತ್ತು. ಭಾನುವಾರ ತಮ್ಮ, ತಂಗಿ ಇಬ್ಬರೂ ಬರುವವರಿದ್ದರು. ಅಷ್ಟರೊಳಗೆ ಟ್ರಂಕಿನಲ್ಲಿರುವುದನ್ನೆಲ್ಲ ವಿಂಗಡಿಸಿಡುವ ಹೊಣೆ ಹಿರಿಯನಾದ ನನ್ನ ಪಾಲಿಗೆ ಬಂದಿತ್ತು.

ಸೋಮವಾರ ಬ್ಯಾಂಕಿಗೆ ಹೋದೆ. ನವೆಂಬರ್ ಬಂತೆಂದರೆ ಪಿಂಚಣಿದಾರರು ತಾವು ಬದುಕಿರುವುದನ್ನು ಸಾಬೀತುಪಡಿಸಬೇಕಷ್ಟೆ. 2014ರ ನವೆಂಬರಿನಲ್ಲಿ ‘ಜೀವನ್ ಪ್ರಮಾಣ್’ ಬಂದ ಮೇಲೆ ಕಾಗದದ ಬದಲು ಬೆರಳೊತ್ತಿದರೆ ಸಾಕು ಎಂದಾಯಿತು. ಆದರೆ ವಯಸ್ಸಾದಂತೆ ಬೆರಳಿನ ಗೆರೆಗಳು ಸವೆಯುತ್ತವೆ. ನನ್ನವೋ ಮೂರು ದಶಕ ಸೀಮೆಸುಣ್ಣ ಹಿಡಿದ ಬೆರಳುಗಳು. ಯಂತ್ರ ನಾಲ್ಕು ಸಲ ನನ್ನನ್ನು ಒಪ್ಪಲಿಲ್ಲ. ಪುಣ್ಯಕ್ಕೆ 2021ರಿಂದ ಮುಖ ತೋರಿಸಿಯೂ ಪ್ರಮಾಣಪತ್ರ ಪಡೆಯುವ ವ್ಯವಸ್ಥೆ ಇದೆ. ಕೌಂಟರಿನ ಹುಡುಗಿ ತನ್ನ ಮೊಬೈಲನ್ನು ನನ್ನ ಮುಖದೆದುರು ಹಿಡಿದು, “ಸಾರ್, ಒಂದ್ಸಲ ಕಣ್ಣು ಮಿಟುಕಿಸಿ” ಎಂದಳು. ಮಿಟುಕಿಸಿದೆ. ನಾನು ಬದುಕಿರುವುದು ಸರ್ಕಾರಕ್ಕೆ ಖಚಿತವಾಯಿತು.

ಇನ್ನು ಟ್ರಂಕು. ಮುಚ್ಚಳ ತೆರೆದೊಡನೆ ನುಸಿಗುಳಿಗೆಯ ವಾಸನೆ. ಮೇಲ್ಗಡೆ ಕಂದಾಯದ ರಸೀದಿಗಳು, ಜಾತಕಗಳು, ತಂತಿಗೆ ಚುಚ್ಚಿಟ್ಟ ಪತ್ರಗಳು. ಅವುಗಳ ಕೆಳಗೆ ಅಮ್ಮನ ಹಿತ್ತಾಳೆಯ ತಾಂಬೂಲದ ಪೆಟ್ಟಿಗೆ; ಅದರೊಳಗೆ ಎಲೆ ಅಡಿಕೆಯ ಬದಲು ನಾಲ್ಕಾರು ತೂತು ಕಾಸುಗಳು. ಯುದ್ಧಕಾಲದಲ್ಲಿ ಲೋಹ ಉಳಿಸಲೆಂದು 1943ರಿಂದ ಮಧ್ಯದಲ್ಲಿ ರಂಧ್ರವಿಟ್ಟು ಅಚ್ಚು ಹಾಕಿದ ಒಂದು ಪೈಸೆಯ ನಾಣ್ಯಗಳವು. ರೂಪಾಯಿಗೆ ಹದಿನಾರಾಣೆ, ಅರವತ್ನಾಲ್ಕು ಕಾಸು ಎಂಬ ಲೆಕ್ಕ 1957ರಲ್ಲಿ ನಯಾಪೈಸೆ ಬರುವವರೆಗೂ ನಡೆದಿತ್ತು. ಅಪ್ಪನ ಎಚ್‌ಎಂಟಿ ಜನತಾ ಗಡಿಯಾರವೂ ಸಿಕ್ಕಿತು. ನಮ್ಮ ತುಮಕೂರಿನ ಕಾರ್ಖಾನೆಯಲ್ಲಿ ಇಂಥ ಕೈಗಡಿಯಾರಗಳು ತಯಾರಾಗುತ್ತಿದ್ದ ದಿನಗಳನ್ನು ನೋಡಿದವನಿಗೆ ಅದನ್ನು ಸುಮ್ಮನೆ ಮೂಲೆಗಿಡಲು ಮನಸ್ಸು ಬಾರದು. ಕೀಲಿ ತಿರುಗುತ್ತಿತ್ತು, ಮುಳ್ಳು ಮಾತ್ರ ಚಲಿಸುತ್ತಿರಲಿಲ್ಲ. ರಿಪೇರಿಯವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿ, “ಎಣ್ಣೆ ಒಣಗಿದೆ ಅಷ್ಟೇ ಮೇಷ್ಟ್ರೇ, ಸ್ಪ್ರಿಂಗು ಗಟ್ಟಿಯಿದೆ” ಎಂದರು.

ವಿಂಗಡಣೆ ಕಷ್ಟವಾದದ್ದು ಫೋಟೋಗಳಲ್ಲಿ. ಸುಮಾರು ಅರವತ್ತು ಚಿತ್ರಗಳು. ಹಿಂಬದಿಯಲ್ಲಿ ಸ್ಟುಡಿಯೋದ ಮುದ್ರೆಯಿದೆ, ಹೆಸರುಗಳಿಲ್ಲ. ಯಾರೂ ಬರೆಯಲಿಲ್ಲ, ಏಕೆಂದರೆ ಆಗ ಎಲ್ಲರಿಗೂ ಎಲ್ಲರೂ ಗೊತ್ತಿದ್ದರು! ಆ ಮುಖಗಳನ್ನು ಗುರುತಿಸಬಲ್ಲವರು ಈಗ ಭೂಮಿಯ ಮೇಲೆ ಒಬ್ಬರೇ: ಅಪ್ಪನ ತಂಗಿ, ನನ್ನ ಸೋದರತ್ತೆ. ಎಂಬತ್ತೇಳು ವರ್ಷ, ನೆನಪು ಚೊಕ್ಕಟ, ಎರಡೂ ಕಣ್ಣಿಗೆ ಪೊರೆ. ಶಸ್ತ್ರಚಿಕಿತ್ಸೆಗೆಂದೇ ಹಳ್ಳಿಯಿಂದ ನಮ್ಮ ಮನೆಗೆ ಬಂದಿದ್ದರು. ಫೋಟೋ ಕೊಟ್ಟರೆ ಮೂಗಿನ ತುದಿಯವರೆಗೂ ತಂದುಕೊಂಡು, “ಮಂಜು ಕಣೋ, ಎಲ್ಲಾ ಮಂಜು” ಎಂದು ಹಿಂದಿರುಗಿಸುತ್ತಿದ್ದರು.

ಮಂಗಳವಾರ ರಕ್ತದೊತ್ತಡ, ಸಕ್ಕರೆಯ ಪರೀಕ್ಷೆ. ಬುಧವಾರ ಬಲಗಣ್ಣಿನ ಪೊರೆ ತೆಗೆದು ಕೃತಕ ಮಸೂರ ಕೂರಿಸಿದರು. ಸಂಜೆಗೆ ಮನೆಗೆ ಬಂದೆವು. ಗುರುವಾರ ಪಟ್ಟಿ ಬಿಚ್ಚಿಸಿಕೊಂಡು ಬಂದವರು ಹೊಸ್ತಿಲಲ್ಲೇ ನಿಂತು, “ಗೋಡೆಗೆ ನೀಲಿ ಯಾವಾಗ ಹೊಡೆಸಿದೆಯೋ?” ಎಂದು ಕೇಳಿದರು. ಆ ಬಣ್ಣ ಬಳಿಸಿ ಹತ್ತು ವರ್ಷವಾಗಿದೆ. ಪೊರೆ ಬೆಳೆದಂತೆ ಕಣ್ಣಿನ ಮಸೂರ ಹಳದಿಯಾಗಿ ನೀಲಿಯನ್ನು ನುಂಗಿಬಿಡುತ್ತದೆ, ತೆಗೆದ ಮೇಲೆ ಆ ಬಣ್ಣ ಒಮ್ಮೆಲೇ ಮರಳುತ್ತದೆ ಎಂದು ವೈದ್ಯರು ಹೇಳಿದ್ದರು. ಅತ್ತೆಗೆ ವಿವರಣೆ ಬೇಕಿರಲಿಲ್ಲ. ಸೊಸೆಯ ಸೀರೆ, ಅಂಗಳದ ಶಂಖಪುಷ್ಪ, ಬಕೆಟ್ಟು, ಎಲ್ಲವನ್ನೂ ನೋಡಿ ನೋಡಿ ತಣಿಯುತ್ತಿದ್ದರು.

ಆದರೆ ಒಂದು ತೊಡಕು. ಹೊಸ ಮಸೂರ ದೂರದ ನೋಟಕ್ಕೆ ಹೊಂದಿಸಿದ್ದು. ಹತ್ತಿರದ್ದನ್ನು ನೋಡಲು ಕನ್ನಡಕ ಬೇಕು, ಅದನ್ನು ಕೊಡುವುದು ಕಣ್ಣು ಪೂರ್ತಿ ಮಾಗಿದ ಮೇಲೆ. ಭಾನುವಾರಕ್ಕೆ ಉಳಿದದ್ದು ಮೂರೇ ದಿನ. ಉಪಾಯ ಹೇಳಿದವಳು ನನ್ನ ಮಗಳು. “ಅಜ್ಜಿಗೆ ದೂರದ್ದು ಕಾಣಿಸುತ್ತಲ್ಲ ಅಪ್ಪ, ಫೋಟೋನೇ ದೂರಕ್ಕೆ ಕಳಿಸೋಣ” ಎಂದಳು. ಶುಕ್ರವಾರವಿಡೀ ಅವಳೂ ನಾನೂ ಕೂತು ಅರವತ್ತನ್ನೂ ಸ್ಕ್ಯಾನ್ ಮಾಡಿದೆವು. ಚೌಕಟ್ಟಿನ ಗಾಜಿಗೆ ಅಂಟಿಕೊಂಡಿದ್ದ ಎರಡನ್ನು ಕೀಳಲು ಹೋಗದೆ ಗಾಜಿನ ಸಮೇತವೇ ತೆಗೆದೆವು. ಕಿತ್ತರೆ ಮುಖ ಗಾಜಿನಲ್ಲೇ ಉಳಿದುಬಿಡುತ್ತದೆ. ವೈದ್ಯರನ್ನು ಕೇಳಿಕೊಂಡು, ಶನಿವಾರ ಸಂಜೆ ಅತ್ತೆಯನ್ನು ಟಿ.ವಿ.ಯಿಂದ ಹತ್ತಡಿ ದೂರದಲ್ಲಿ ಕುಳ್ಳಿರಿಸಿದೆವು.

ಪರದೆಯ ತುಂಬ ತಾತನ ಮುಖ ಮೂಡಿದಾಗ ಅತ್ತೆ ತಟ್ಟನೆ ಸೆರಗು ಸರಿಪಡಿಸಿಕೊಂಡರು. ಅನಂತರ ಮಾತೇ ಮಾತು. ಕೆಲವರನ್ನು ಗುರುತಿಸಿದ್ದು ಮುಖದಿಂದಲ್ಲ. “ಆ ಓಲೆ ನೋಡು, ಮದುವೆಗೆ ಎರವಲು ತಂದಿದ್ದು, ಹಾಕ್ಕೊಂಡಿರೋಳು ದೊಡ್ಡಮ್ಮನ ಮಗಳೇ ಇರಬೇಕು.” “ಹಂಗೆ ಕಾಲು ಚಾಚಿ ಕೂರೋನು ಊರಿಗೊಬ್ಬನೇ, ನಮ್ಮ ಸೋದರಮಾವ.” ನಾನು ಮೆತ್ತನೆಯ ಪೆನ್ಸಿಲಿನಿಂದ ಒಂದೊಂದರ ಹಿಂದೆಯೂ ಹೆಸರು ಬರೆಯುತ್ತ ಹೋದೆ. ಬಾಲ್‌ಪೆನ್ನಿನ ಒತ್ತು ಮುಂಬದಿಗೂ ಮೂಡುತ್ತದೆ, ಶಾಯಿ ಹರಡುತ್ತದೆ. ಹಳೆಯ ಚಿತ್ರಗಳಿರುವವರು ಇದನ್ನು ಗಮನಿಸಬೇಕು.

ಆಮೇಲೆ ಆ ಚಿತ್ರ ಬಂತು. ಮೂಲೆಯಲ್ಲಿ ಪೆನ್ಸಿಲಿನಲ್ಲಿ 1944 ಎಂದು ಇಸವಿ. ಕುರ್ಚಿಯಲ್ಲಿ ತಾತ, ಅಜ್ಜಿ; ಹಿಂದೆ ಹದಿಹರೆಯದ ಅಪ್ಪ; ನೆಲದಲ್ಲಿ ಪುಟ್ಟ ಅತ್ತೆ. ಅಜ್ಜಿಯ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದಾಳೆ ಇನ್ನೊಬ್ಬ ಹುಡುಗಿ, ಜಡೆ ಮುಂದಕ್ಕೆ ಬಿಟ್ಟು. ನಾವು ಮೂವರು ಮಕ್ಕಳೂ ಅವಳನ್ನು ನೆರೆಮನೆಯ ಹುಡುಗಿ ಎಂದೇ ತಿಳಿದಿದ್ದೆವು. ಅಪ್ಪನಿದ್ದಾಗ ಯಾರೋ ಕೇಳಿದ್ದಕ್ಕೆ ಅವರು ಎದ್ದು ಹಿತ್ತಿಲಿಗೆ ಹೋದದ್ದು ನನಗೆ ನೆನಪಿದೆ.

ಅತ್ತೆ ಬಹಳ ಹೊತ್ತು ಸುಮ್ಮನಿದ್ದರು. ಕಣ್ಣಿಗೆ ನೀರು ಬರಬಾರದಲ್ಲ ಎಂದು ನನಗೆ ದಿಗಿಲು. “ಅಕ್ಕ ಕಣೋ” ಎಂದರು ಕೊನೆಗೆ. “ಇದು ತೆಗೆಸಿ ತಿಂಗಳಾಗಿರಲಿಲ್ಲ, ಅಮ್ಮ ಬಂತು.”

ಹಳಬರು ಸಿಡುಬನ್ನು ಹೆಸರಿಸುತ್ತಿರಲಿಲ್ಲ, ಅಮ್ಮ ಎನ್ನುತ್ತಿದ್ದರು. ನಮ್ಮ ದೇಶದಲ್ಲಿ ಅದರ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. ನನ್ನ ಓರಗೆಯವರ ತೋಳಿನ ಮೇಲೆ ದೇವಿ ಹಾಕಿಸಿಕೊಂಡ ಗುರುತು ಇನ್ನೂ ಇದೆ, ನನ್ನ ಮಗಳ ತೋಳಿನಲ್ಲಿ ಅದಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರಂತೆ. ಅಪ್ಪನನ್ನು ಬೇರೆ ಊರಿಗೆ ಸಾಗಹಾಕಿದರಂತೆ. ಅವರು ಹಿಂದಿರುಗಿದಾಗ ಬೇವಿನ ಸೊಪ್ಪೂ ಇರಲಿಲ್ಲ, ಅಕ್ಕರೆಯ ತಂಗಿಯೂ ಇರಲಿಲ್ಲ. ಆಮೇಲೆ ಅಜ್ಜಿಯ ಮುಂದೆ ಆ ಹೆಸರನ್ನು ಯಾರೂ ಎತ್ತಲಿಲ್ಲ.

“ಹೆಸರೇನು ಅತ್ತೆ?”

ಅತ್ತೆ ಹೇಳಿದ್ದು ನನ್ನ ತಂಗಿಯ ಹೆಸರನ್ನು. “ನಾಮಕರಣದಲ್ಲಿ ಕಿವೀಲಿ ಹೇಳಿದೋಳು ನಾನೇ. ಅದೇ ಹೆಸರು ಇಡಬೇಕು ಅಂದೋನು ನಿಮ್ಮಪ್ಪ. ಹಂಗಂದೋನು ಆಮೇಲೆ ಒಂದಿನ ಆದರೂ ಅವಳನ್ನು ಆ ಹೆಸರು ಹಿಡಿದು ಕರೆದನೇನು?”

ಕರೆಯಲಿಲ್ಲ, ನಿಜ. ಅಪ್ಪನಿಗೆ ಅವಳು ಕೊನೆಯವರೆಗೂ ‘ಪುಟ್ಟಿ’. ಹಾಸ್ಟೆಲಿಗೆ ಬರೆದ ಇನ್‌ಲ್ಯಾಂಡ್ ಪತ್ರಗಳು ಅದೇ ಟ್ರಂಕಿನಲ್ಲಿದ್ದವು, ತೆಗೆದು ನೋಡಿದೆ. ಹೊರಗೆ ವಿಳಾಸದಲ್ಲಿ ಮಾತ್ರ ಪೂರ್ಣ ಹೆಸರು. ಒಳಗೆ ಪ್ರತಿಯೊಂದರಲ್ಲೂ ‘ಚಿ. ಪುಟ್ಟಿಗೆ ಆಶೀರ್ವಾದಗಳು’.

ಭಾನುವಾರ ಪಾಲಾದದ್ದನ್ನು ವಿಸ್ತರಿಸಿ ಹೇಳುವಂಥದ್ದೇನಿಲ್ಲ. ಜಾತಕ, ರಸೀದಿಗಳು ತಮ್ಮನಿಗೆ. ಎಣ್ಣೆ ಹಾಕಿಸಿಕೊಂಡು ಬರಬೇಕಾಗಿದ್ದ ಗಡಿಯಾರ ನನಗೆ. ತಾಂಬೂಲದ ಪೆಟ್ಟಿಗೆ ತನಗೇ ಬೇಕೆಂದು ತಂಗಿ ತಿಂಗಳಿನಿಂದ ಫೋನಿನಲ್ಲಿ ಹೇಳುತ್ತಿದ್ದಳು. ತನಗೆ ಅಜ್ಜಿಯ ಕಾಲದ ಹೆಸರಿಟ್ಟರೆಂದು ಹೈಸ್ಕೂಲಿನಲ್ಲಿ ಅತ್ತವಳು ಅವಳು. ಫೋಟೋ ಕೈಗೆ ಕೊಟ್ಟು, ಅತ್ತೆ ಹೇಳಿದ್ದನ್ನು ಹೇಳಿದೆ. ಕಿಟಕಿಯ ಬಳಿಗೆ ಒಯ್ದು ನೋಡಿದಳು. ಹಿಂತಿರುಗಿಸಿ, ಪೆನ್ಸಿಲಿನಲ್ಲಿ ಬರೆದಿದ್ದ ತನ್ನದೇ ಹೆಸರನ್ನು ಓದಿದಳು.

“ಎಷ್ಟು ವರ್ಷ ಆಗಿತ್ತು ಅತ್ತೆ ಇವಳಿಗೆ?”

“ಹನ್ನೊಂದು ತುಂಬಿರಲಿಲ್ಲ.”

ತಾಂಬೂಲದ ಪೆಟ್ಟಿಗೆಯನ್ನು ಅವಳೇ ಎತ್ತಿ ತಮ್ಮನ ಹೆಂಡತಿಯ ಚೀಲದಲ್ಲಿಟ್ಟಳು. ಫೋಟೋವನ್ನು ಎರಡು ರಟ್ಟಿನ ನಡುವೆ ಇಟ್ಟು ಸೀರೆಯ ಮಡಿಕೆಯೊಳಗೆ ಸೇರಿಸಿಕೊಂಡು ಸಂಜೆಯ ಬಸ್ಸು ಹತ್ತಿದಳು.

ಇನ್ನೂ ಒಂಬತ್ತು ಚಿತ್ರಗಳಿಗೆ ಹೆಸರು ಸಿಕ್ಕಿಲ್ಲ. ಅತ್ತೆಗೆ ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಔಷಧಿ ಬಿಡುವುದು ನನ್ನ ಕೆಲಸ. ಬಿಟ್ಟಾದ ಮೇಲೆ ಐದು ನಿಮಿಷ ಕಣ್ಣು ಮುಚ್ಚಿ ಮಲಗಿರುತ್ತಾರೆ. ಆಗ ಒಂದೊಂದು ಚಿತ್ರವನ್ನು ಬಾಯಲ್ಲೇ ಬಣ್ಣಿಸಿ ಕೇಳುತ್ತೇನೆ.