ಕಲ್ಯಾಣದ ಬಿಸಿಲಿನಲ್ಲಿ ಗಿಟಾರ್

ಬಸವಕಲ್ಯಾಣ, ಹುಮನಾಬಾದಿನ ಮನೆಗಳಲ್ಲಿ ಗಿಟಾರ್ ಈಗ ಅಪರೂಪದ ವಸ್ತುವಲ್ಲ. ಕಾಲೇಜಿನ ಗ್ಯಾದರಿಂಗಿಗೆಂದು ಕೊಂಡದ್ದು, ಚರ್ಚಿನ ಆರಾಧನೆಗೆ ಬೇಕೆಂದು ತಂದದ್ದು, ಮೊಬೈಲಿನಲ್ಲಿ ಪಾಠ ನೋಡಿ ಕಲಿಯಲು ತರಿಸಿಕೊಂಡದ್ದು, ಹೀಗೆ ಒಂದೊಂದು ಮನೆಗೆ ಅದು ಒಂದೊಂದು ದಾರಿಯಿಂದ ಬಂದಿದೆ. ಬಂದಮೇಲೆ ಅದನ್ನು ಇಡುವ ಜಾಗ ಮಾತ್ರ ಬಹುತೇಕ ಒಂದೇ: ಅಲ್ಮಾರದ ನೆತ್ತಿ, ಸ್ಲ್ಯಾಬಿನ ಕೆಳಗಿನ ಸಜ್ಜಾ, ಕಿಟಕಿಯ ಪಕ್ಕದ ಮೊಳೆ, ಇಲ್ಲವೇ ಮಹಡಿಯ ಮೇಲಿನ ಪತ್ರಾಸಿನ ಕೋಣೆ. ಮಕ್ಕಳ ಕೈಗೆ ಸಿಗಬಾರದು, ಯಾರೂ ತುಳಿಯಬಾರದು ಎಂಬ ಕಾಳಜಿಯೇ ಅದನ್ನು ಅಲ್ಲಿಗೆ ಏರಿಸಿರುತ್ತದೆ. ಆದರೆ ಈ ನಾಡಿನಲ್ಲಿ ಗಿಟಾರನ್ನು ಕೆಡಿಸುವುದು ತುಳಿತಕ್ಕಿಂತ ಹೆಚ್ಚಾಗಿ ಗಾಳಿ. ಸುತ್ತಲಿನ ಗಾಳಿಯ ತೇವ ಎಲ್ಲಿ ನಿಧಾನವಾಗಿ ಬದಲಾಗುತ್ತದೋ ಅದೇ ಗಿಟಾರಿಗೆ ಸುರಕ್ಷಿತ ಜಾಗ. ಅಂಥ ಜಾಗ ನಮ್ಮ ಪ್ರತಿ ಮನೆಯಲ್ಲೂ ಇದೆ, ಅದಕ್ಕೆ ಹೆಚ್ಚು ದುಡ್ಡೂ ಬೇಕಿಲ್ಲ ಎಂಬುದು ನನ್ನ ವಾದ.

ಕಡಿದು ಒಣಗಿಸಿದ ಎಷ್ಟೋ ವರ್ಷಗಳ ಮೇಲೂ ಮರ ಗಾಳಿಯಿಂದ ನೀರನ್ನು ಹೀರುವುದನ್ನು, ಗಾಳಿಗೆ ನೀರನ್ನು ಬಿಡುವುದನ್ನು ನಿಲ್ಲಿಸುವುದಿಲ್ಲ. ಗಾಳಿಯ ತೇವಾಂಶ ಶೇ. 50ರಷ್ಟಿದ್ದಾಗ ಅದು ತನ್ನ ತೂಕದ ಸುಮಾರು ಶೇ. 9ರಷ್ಟು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ತೇವಾಂಶ ಶೇ. 20ಕ್ಕೆ ಇಳಿದರೆ ಈ ನೀರು ಅರ್ಧಕ್ಕೆ ಇಳಿಯುತ್ತದೆ, ಶೇ. 80ಕ್ಕೆ ಏರಿದರೆ ಶೇ. 16ರ ಹತ್ತಿರ ಹೋಗುತ್ತದೆ. ನೀರು ಹೋದಂತೆ ಹಲಗೆ ಎಳೆಯ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಎಳೆಗೆ ಅಡ್ಡವಾಗಿ ಮಾತ್ರ ಕುಗ್ಗುತ್ತದೆ. ಗಿಟಾರಿನ ಮುಂದಿನ ಹಲಗೆ ಸಾಮಾನ್ಯವಾಗಿ ಸ್ಪ್ರೂಸ್ ಮರದ್ದು, ದಪ್ಪ ಸುಮಾರು 3 ಮಿ.ಮೀ., ಅಗಲವಾದ ಕಡೆ ಸುಮಾರು 40 ಸೆಂ.ಮೀ. ಶೇ. 50ರ ತೇವದಿಂದ ಶೇ. 20ಕ್ಕೆ ಬಂದಾಗ ಈ ಅಗಲ 2 ಮಿ.ಮೀ.ಗಿಂತ ಹೆಚ್ಚು ಕುಗ್ಗಬೇಕಾಗುತ್ತದೆ. ಆದರೆ ಅಂಚಿನ ಸುತ್ತ ಅದನ್ನು ಪಕ್ಕದ ಹಲಗೆಗಳಿಗೆ ಅಂಟಿಸಿದ್ದಾರೆ, ಒಳಗೆ ಅಡ್ಡಪಟ್ಟಿಗಳು ಹಿಡಿದಿವೆ. ಕುಗ್ಗಲು ಎಡೆಯಿಲ್ಲದ ಮರ ಕೊನೆಗೆ ಸೀಳುತ್ತದೆ. ತಂತಿಗಳನ್ನು ಹಿಡಿದಿರುವ ಬ್ರಿಜ್‌ನ ಹಿಂದೆ ಕೂದಲೆಳೆಯಂತೆ ಕಾಣಿಸಿಕೊಳ್ಳುವ ಬಿರುಕನ್ನು ಎಷ್ಟೋ ಜನ ಕಂಪನಿಯ ದೋಷವೆಂದು ಬೈಯುತ್ತಾರೆ. ನಿಜದಲ್ಲಿ ಅದು ಹೆಚ್ಚಾಗಿ ಏಪ್ರಿಲ್ ತಿಂಗಳು ಬರೆದ ಗೆರೆ.

ಇದರ ಮೇಲೆ ತಂತಿಯ ಜಗ್ಗಾಟ ಬೇರೆ. ಸ್ಟೀಲ್ ತಂತಿಯ ಗಿಟಾರಿನಲ್ಲಿ ಶ್ರುತಿಗೆ ಬಂದ ಆರು ತಂತಿಗಳು ಸೇರಿ ಸುಮಾರು 70 ಕಿಲೋ ಭಾರದಷ್ಟು ಬಲದಿಂದ ಬ್ರಿಜ್ಜನ್ನು ಎಳೆಯುತ್ತಿರುತ್ತವೆ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿನಲ್ಲಿ ಈ ಬಲ ಅದರ ಅರ್ಧದಷ್ಟು. ಅಷ್ಟು ಬಲವನ್ನು ತಡೆದು ನಿಂತಿರುವುದು ಅಂಟು, ಅಂಟಿಗೆ ಆಗದ್ದು ಬಿಸಿ. 60 ಡಿಗ್ರಿಯ ಆಸುಪಾಸಿನಲ್ಲಿ ಹಲವು ಮರದಂಟುಗಳು ಮೆತ್ತಗಾಗಿ ಜಾರತೊಡಗುತ್ತವೆ. ಮೇ ತಿಂಗಳ ಮಧ್ಯಾಹ್ನ ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿ ಆ ಬಿಸಿಯನ್ನು ಸುಲಭವಾಗಿ ಮುಟ್ಟುತ್ತದೆ. ಪತ್ರಾಸಿಗೆ ತಾಗಿ ಇಟ್ಟ ವಾದ್ಯವೂ ಅದರಿಂದ ಬಹಳ ದೂರವಿರುವುದಿಲ್ಲ.

ಗಿಟಾರ್ ತಯಾರಕರು ಸಾಮಾನ್ಯವಾಗಿ ಹೇಳುವ ಅಳತೆ ಶೇ. 45ರಿಂದ 55ರ ತೇವಾಂಶ. ಆ ಅಳತೆ ನಮಗೂ ಸರಿ. ಅವರು ಹೇಳುವ ಕಾಲ ಮಾತ್ರ ನಮ್ಮದಲ್ಲ. ಅಮೆರಿಕ, ಯುರೋಪಿನಲ್ಲಿ ಮರ ಒಣಗುವುದು ಚಳಿಗಾಲದಲ್ಲಿ, ಮನೆಯೊಳಗೆ ಹೀಟರ್ ಉರಿಯುವಾಗ. ಆದ್ದರಿಂದ ಅಲ್ಲಿನ ಸಲಹೆಗಳೆಲ್ಲ ಚಳಿಗಾಲದಲ್ಲಿ ತೇವ ಕೊಡಿ ಎನ್ನುತ್ತವೆ. ನಮ್ಮ ಎರಡೂ ಊರುಗಳು ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದ ಒಣ ಪ್ರಸ್ಥಭೂಮಿಯ ಮೇಲಿವೆ. ಶಿವರಾತ್ರಿ ಕಳೆದು ಚಳಿ ಶಿವಶಿವಾ ಎಂದು ಹೋದಮೇಲೆಯೇ ಇಲ್ಲಿ ಗಾಳಿ ಒಣಗತೊಡಗುತ್ತದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಉಷ್ಣಾಂಶ 40 ಡಿಗ್ರಿ ದಾಟುವುದು, ತೇವಾಂಶ ಶೇ. 30ಕ್ಕಿಂತ ಕೆಳಗಿಳಿಯುವುದು ಇಲ್ಲಿನ ವಾಡಿಕೆ. ಜೂನಿನಲ್ಲಿ ಮಿರಗದ ಮಳೆ ಬಿದ್ದು ಕೆಲವೇ ವಾರಗಳಲ್ಲಿ ಅದೇ ಗಾಳಿ ಶೇ. 80ನ್ನು ಮುಟ್ಟುತ್ತದೆ. ಒಂದೇ ಮನೆಯೊಳಗೂ ಜಾಗದಿಂದ ಜಾಗಕ್ಕೆ ವ್ಯತ್ಯಾಸವಿದೆ. 30 ಡಿಗ್ರಿಯಲ್ಲಿ ಶೇ. 50 ತೇವವಿರುವ ಗಾಳಿಯನ್ನು ಒಂದು ಹನಿ ನೀರೂ ತೆಗೆಯದೆ 40 ಡಿಗ್ರಿಗೆ ಕಾಯಿಸಿದರೆ ಅದರ ತೇವಾಂಶ ಶೇ. 29ಕ್ಕೆ ಇಳಿಯುತ್ತದೆ, 45 ಡಿಗ್ರಿಗೆ ಕಾಯಿಸಿದರೆ ಶೇ. 22ಕ್ಕೆ. ನಾವು ಸುರಕ್ಷಿತವೆಂದು ಏರಿಸಿಡುವ ಸಜ್ಜಾ ಮನೆಯ ಅತಿ ಒಣ ಜಾಗವಾಗುವುದು ಹೀಗೆ. ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿ ಬಹಳ ಹೊತ್ತಿನವರೆಗೂ ಆ ಬಿಸಿಯನ್ನು ಕೆಳಗೆ ಬಿಡುತ್ತಲೇ ಇರುತ್ತದೆ.

ಹಾಗಾದರೆ ಎಲ್ಲಿಡಬೇಕು? ಒಳಕೋಣೆಯಲ್ಲಿ, ಬಿಸಿಲು ಬೀಳದ ಒಳಗೋಡೆಯ ಪಕ್ಕದಲ್ಲಿ, ನೆಲದಿಂದ ಒಂದು ಗೇಣು ಎತ್ತರದ ಹಲಗೆಯ ಮೇಲೆ, ಗಟ್ಟಿ ಪೆಟ್ಟಿಗೆಯೊಳಗೆ ಮುಚ್ಚಿ ಇಡಬೇಕು. ಗೆದ್ದಲು ಹತ್ತುವುದು, ಮಳೆಗಾಲದಲ್ಲಿ ಹೊರಗೋಡೆ ತೇವ ಹಿಡಿಯುವುದು ಇಲ್ಲಿ ಸಾಮಾನ್ಯವಾದ್ದರಿಂದ ಹಲಗೆಯೂ ಬೇಕು, ಒಳಗೋಡೆಯೂ ಬೇಕು. ಪೆಟ್ಟಿಗೆ ಏಕೆ ಕಾಯುತ್ತದೆ ಎಂಬುದಕ್ಕೆ ಸರಳ ಲೆಕ್ಕವಿದೆ. ಸುಮಾರು ಎರಡು ಕಿಲೋ ತೂಗುವ ಗಿಟಾರಿನ ಮರದಲ್ಲಿ ನೂರು ಗ್ರಾಂಗಿಂತ ಹೆಚ್ಚು ನೀರು ಅಡಗಿರುತ್ತದೆ. ಮುಚ್ಚಿದ ಪೆಟ್ಟಿಗೆಯ ಗಾಳಿಗೆ ಬೇಕಾದದ್ದು ಒಂದೆರಡು ಗ್ರಾಂ ಮಾತ್ರ. ಮರ ಅಷ್ಟನ್ನು ಕೊಟ್ಟು ಉಳಿದದ್ದನ್ನು ತನ್ನಲ್ಲೇ ಇರಿಸಿಕೊಳ್ಳುತ್ತದೆ, ಹೊರಗಿನ ಬದಲಾವಣೆ ಒಳಗೆ ಮುಟ್ಟಲು ದಿನಗಳು ಹಿಡಿಯುತ್ತವೆ. ಈ ಸೀಮೆಯ ರೈತರು ಜೋಳವನ್ನು ಹಗೇವಿನಲ್ಲಿ ಮುಚ್ಚಿ ಕಾಯುತ್ತಿದ್ದುದೂ ಹೊರಗಿನ ಗಾಳಿಯನ್ನು ದೂರವಿಡುವ ಇದೇ ಬಗೆಯ ತಿಳಿವಳಿಕೆಯಿಂದ. ಗಟ್ಟಿ ಪೆಟ್ಟಿಗೆ ಕೊಳ್ಳಲಾಗದವರಿಗೆ ದಪ್ಪ ಪ್ಯಾಡಿಂಗಿನ ಚೀಲವೂ ತಕ್ಕಮಟ್ಟಿಗೆ ಆಗುತ್ತದೆ. ಬಟ್ಟೆಯಷ್ಟೇ ತೆಳುವಾದ ಚೀಲ ಧೂಳನ್ನು ತಡೆಯಬಲ್ಲದೇ ಹೊರತು ಹವೆಯನ್ನಲ್ಲ.

ಇದಕ್ಕೆ ಮೊದಲ ಆಕ್ಷೇಪ ಇಲ್ಲಿನ ಸಂಗೀತದ ಇತಿಹಾಸದಿಂದಲೇ ಬರಬಹುದು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಬರೆದ ಮಾನಸೋಲ್ಲಾಸದಲ್ಲಿ ಗೀತಕ್ಕೂ ವಾದ್ಯಕ್ಕೂ ಪ್ರತ್ಯೇಕ ಭಾಗಗಳಿವೆ. ಅವನ ಮಗ ಇಮ್ಮಡಿ ಜಗದೇಕಮಲ್ಲ ಸಂಗೀತ ಚೂಡಾಮಣಿಯನ್ನು ಬರೆದ. ಕಿನ್ನರಿ ನುಡಿಸುತ್ತಿದ್ದ ಶರಣ ಕಿನ್ನರಿ ಬ್ರಹ್ಮಯ್ಯ ಈ ನೆಲದಲ್ಲೇ ಬಾಳಿದ. 1817ರಲ್ಲಿ ಕಲ್ಯಾಣದ ಬಳಿಯ ಲಾಡವಂತಿಯಲ್ಲಿ ಹುಟ್ಟಿ ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ನೆಲೆಸಿದ ಮಾಣಿಕಪ್ರಭುಗಳು ಸ್ವತಃ ಪದಗಳನ್ನು ರಚಿಸಿದವರು. ಅವರ ಸಂಸ್ಥಾನದಲ್ಲಿ ದತ್ತ ಜಯಂತಿಗೆ ಇಂದಿಗೂ ಸಂಗೀತ ಸೇವೆ ನಡೆಯುತ್ತದೆ. ಇಷ್ಟು ಕಾಲ ತಂಬೂರಿ, ಕಿನ್ನರಿ, ಏಕತಾರಿಗಳು ಯಾವ ಅಳತೆಯ ಯಂತ್ರವೂ ಇಲ್ಲದೆ ಉಳಿದಿರುವಾಗ ಗಿಟಾರಿಗೇಕೆ ಇಷ್ಟು ಉಪಚಾರ ಎಂದು ಕೇಳಬಹುದು. ಉತ್ತರ ಆ ವಾದ್ಯಗಳಿದ್ದ ಮನೆಗಳಲ್ಲಿದೆ. ದಪ್ಪ ಕಲ್ಲುಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ ಇದ್ದ ಮನೆಯೊಳಗೆ ಹಗಲು ರಾತ್ರಿಯ ಉಷ್ಣಾಂಶದ ಏರಿಳಿತ ಬಹಳ ಕಡಿಮೆ. ಮನೆಯೇ ವಾದ್ಯಕ್ಕೆ ಪೆಟ್ಟಿಗೆಯಾಗಿತ್ತು. ಅದರ ಮೇಲೆ ತಂಬೂರಿಗೆ ಬಟ್ಟೆಯ ಗವಸಣಿಗೆ ತೊಡಿಸುವ ರೂಢಿ ಇತ್ತು. ನಾಲ್ಕು ತಂತಿಯ ತಂಬೂರಿಯ ಜಗ್ಗುವಿಕೆ ಗಿಟಾರಿನದಕ್ಕಿಂತ ಬಹಳ ಕಡಿಮೆ. ನಾವು ಮಾಳಿಗೆ ಇಳಿಸಿ ಸ್ಲ್ಯಾಬು ಹಾಕಿಕೊಂಡಿದ್ದೇವೆ, ವಾದ್ಯವನ್ನೂ ಬದಲಿಸಿದ್ದೇವೆ. ಹಿಂದೆ ಗೋಡೆ ಮಾಡುತ್ತಿದ್ದ ಕೆಲಸವನ್ನು ಈಗ ಪೆಟ್ಟಿಗೆಗೆ ವಹಿಸಬೇಕು, ಅಷ್ಟೇ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ವಾದ್ಯ ಮರೆತುಹೋಗುತ್ತದೆ, ಕಣ್ಣೆದುರು ಗೋಡೆಗೆ ತೂಗಿದ್ದರೆ ಕೈ ತಾನೇ ಅದರತ್ತ ಚಾಚುತ್ತದೆ, ನುಡಿಸದ ಗಿಟಾರನ್ನು ಕಾಪಾಡಿ ಫಲವೇನು? ಈ ಮಾತನ್ನು ನಾನು ಪೂರಾ ಒಪ್ಪುತ್ತೇನೆ. ನುಡಿಸುವುದಕ್ಕಾಗಿಯೇ ವಾದ್ಯ. ಆದರೆ ಈ ಆಕ್ಷೇಪ ನಿಲ್ಲುವುದು ಪೆಟ್ಟಿಗೆ ಅಟ್ಟ ಸೇರಿದಾಗ ಮಾತ್ರ. ದಿನವೂ ಕೂರುವ ಕೋಣೆಯಲ್ಲೇ, ಕೈಗೆಟಕುವಂತೆ, ಕೊಂಡಿ ಬಿಚ್ಚಿದರೆ ಸಾಕೆನ್ನುವಂತೆ ಪೆಟ್ಟಿಗೆ ಇದ್ದರೆ ಅದು ಅಡ್ಡಿಯಾಗದು. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಹವೆ ಹದವಾಗಿರುವಾಗ ಒಳಗೋಡೆಗೆ ತೂಗುಹಾಕುವುದರಲ್ಲಿ ದೊಡ್ಡ ಅಪಾಯವೂ ಇಲ್ಲ. ಉಳಿದ ತಿಂಗಳುಗಳಲ್ಲಿ ಸಂಜೆ ನುಡಿಸಿ ಪೆಟ್ಟಿಗೆಗೆ ಹಿಂತಿರುಗಿಸುವುದು ಅರ್ಧ ನಿಮಿಷದ ಕೆಲಸ.

ಮೂರನೆಯದು ಬೆಲೆಯ ಮಾತು. ಇಲ್ಲಿನ ಬಹಳಷ್ಟು ಗಿಟಾರುಗಳು ಕೆಲವೇ ಸಾವಿರದ ಪ್ಲೈವುಡ್ ವಾದ್ಯಗಳು, ಅವಕ್ಕೆ ಈ ನಿಯಮ ಬೇಡ ಎನ್ನುವವರಿದ್ದಾರೆ. ಅಡ್ಡಡ್ಡ ಪದರಗಳಿಂದ ಮಾಡಿದ ಪ್ಲೈವುಡ್ ಸುಲಭಕ್ಕೆ ಸೀಳುವುದಿಲ್ಲ, ನಿಜ. ಆದರೆ ಕತ್ತು ಪ್ಲೈವುಡ್ಡಿನದಲ್ಲ, ಬೆರಳಹಲಗೆಯೂ ಅಲ್ಲ, ಬ್ರಿಜ್ ಹಿಡಿದಿರುವ ಅಂಟನ್ನು ಸಡಿಲಿಸುವ ಬಿಸಿಯಂತೂ ವಾದ್ಯದ ಬೆಲೆ ಕೇಳುವುದಿಲ್ಲ. ಕತ್ತು ಬಾಗಿ ತಂತಿ ಮೇಲೆದ್ದರೆ ಕಲಿಯುವ ಹುಡುಗಿಯ ಬೆರಳು ನೋಯುತ್ತದೆ, ಸ್ವರ ತಪ್ಪುತ್ತದೆ, ತನಗೇ ಸಂಗೀತ ಬರುವುದಿಲ್ಲವೆಂದು ಅವಳು ಕೈಬಿಡುತ್ತಾಳೆ. ರಿಪೇರಿಗೆ ಹೈದರಾಬಾದಿಗೋ ಪುಣೆಗೋ ಹೋಗಬೇಕಾದ ಊರಿನಲ್ಲಿ ಓಡಾಟದ ಖರ್ಚೇ ವಾದ್ಯದ ಬೆಲೆಗೆ ಸಮವಾಗುವುದುಂಟು. ಆದ್ದರಿಂದ ಅಗ್ಗದ ಗಿಟಾರಿಗೇ ಹೆಚ್ಚು ಎಚ್ಚರ ಬೇಕು ಎನ್ನುತ್ತೇನೆ.

ಇಲ್ಲಿ ಏರ್ ಕೂಲರನ್ನು ಮರೆಯುವಂತಿಲ್ಲ. ಒದ್ದೆ ಹುಲ್ಲಿನ ಮೂಲಕ ಬರುವ ಅದರ ಗಾಳಿ ಕೋಣೆಯ ತೇವವನ್ನು ಒಮ್ಮೆಗೇ ಏರಿಸುತ್ತದೆ, ಕರೆಂಟ್ ಹೋದರೆ ಅದು ಮತ್ತೆ ಕುಸಿಯುತ್ತದೆ. ಒಂದೇ ದಿನದಲ್ಲಿ ಮಳೆಗಾಲವನ್ನೂ ಬೇಸಿಗೆಯನ್ನೂ ಮರಕ್ಕೆ ತೋರಿಸಿದಂತಾಗುತ್ತದೆ. ಕೂಲರಿನ ಎದುರು ಗಿಟಾರನ್ನು ತೆರೆದಿಡಬಾರದು. ತೇವ ಕೊಡಲು ಬೇರೆ ದಾರಿಯಿದೆ: ಸಾಬೂನಿನ ಡಬ್ಬಿಗೆ ತೂತು ಕೊರೆದು, ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಸ್ಪಂಜನ್ನು ಅದರಲ್ಲಿಟ್ಟು, ಪೆಟ್ಟಿಗೆಯೊಳಗೆ ಗಿಟಾರಿನ ತಲೆಯ ಬಳಿ ಇಟ್ಟರೆ ಬೇಸಿಗೆ ಕಳೆಯುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿದರೆ ಸಾಕೆಂಬ ನಂಬಿಕೆ ತಪ್ಪು, ಮರ ಕಳೆದುಕೊಂಡದ್ದು ನೀರು, ಎಣ್ಣೆ ಅದನ್ನು ತುಂಬಿಕೊಡುವುದಿಲ್ಲ. ಮಳೆಗಾಲದಲ್ಲಿ ಸ್ಪಂಜಿನ ಜಾಗಕ್ಕೆ ಸಿಲಿಕಾ ಜೆಲ್ ಪೊಟ್ಟಣ ಬರಬೇಕು. ಕೆಲವು ನೂರು ರೂಪಾಯಿಗೆ ಸಿಗುವ ಪುಟ್ಟ ತೇವಮಾಪಕ ಪೆಟ್ಟಿಗೆಯಲ್ಲಿದ್ದರೆ ಊಹೆಯ ಕೆಲಸವಿಲ್ಲ. ಅದಿಲ್ಲದಿದ್ದರೆ ಬೆರಳೇ ಮಾಪಕ. ಕತ್ತಿನ ಅಂಚಿನುದ್ದಕ್ಕೆ ಬೆರಳು ಸವರಿದಾಗ ಫ್ರೆಟ್ಟಿನ ತುದಿಗಳು ಚುಚ್ಚಿದರೆ ಮರ ಕುಗ್ಗಿ ಲೋಹ ಹೊರಬಂದಿದೆ ಎಂದರ್ಥ. ಬ್ರಿಜ್‌ನ ಹಿಂದೆ ಹಲಗೆಗೆ ಅಡ್ಡವಾಗಿ ಸ್ಕೇಲು ಇಟ್ಟು ನೋಡಿದರೆ ನಡುವೆ ತುಸು ಉಬ್ಬಿರುವುದು ಸಹಜ. ಅಲ್ಲಿ ತಗ್ಗು ಕಂಡರೆ ಒಣಗಿದೆ, ಉಬ್ಬು ಅತಿಯಾಗಿ ತಂತಿ ಮೇಲೆದ್ದಿದ್ದರೆ ತೇವ ಹೆಚ್ಚಾಗಿದೆ. ದಿನವೂ ನುಡಿಸುವವರು ತಂತಿಯನ್ನು ಶ್ರುತಿಯಲ್ಲೇ ಬಿಡಬಹುದು. ಓದಲು ಬೆಂಗಳೂರಿಗೋ ಕಲಬುರಗಿಗೋ ಹೋಗಿ ತಿಂಗಳುಗಟ್ಟಲೆ ಮುಟ್ಟದಿರುವವರು ಒಂದೆರಡು ಸ್ವರ ಇಳಿಸಿಡಲಿ, ಪೂರಾ ಬಿಚ್ಚುವುದು ಬೇಡ. ಕತ್ತು ನೆಟ್ಟಗಿರುವುದು ತಂತಿಯ ಎಳೆತಕ್ಕೂ ಒಳಗಿನ ಕಬ್ಬಿಣದ ಸಲಾಕೆಗೂ ಇರುವ ಸಮತೂಕದಿಂದ.

ಶಿವರಾತ್ರಿಯಿಂದ ಮಿರಗದವರೆಗೆ ತೇವ ಕೊಡುವುದು, ಮಿರಗದಿಂದ ದಸರೆಯವರೆಗೆ ತೇವ ತಗ್ಗಿಸುವುದು, ಉಳಿದ ದಿನ ನಿಶ್ಚಿಂತೆಯಿಂದ ನುಡಿಸುವುದು: ನಮ್ಮ ಹವೆಗೆ ಹೊಂದುವ ಪಂಚಾಂಗ ಇಷ್ಟೇ. ಬೇರೆ ಹವೆಯವರು ಬರೆದ ಸೂಚನೆಗಿಂತ ಇದು ನಮ್ಮ ವಾದ್ಯಗಳಿಗೆ ಹೆಚ್ಚು ಒದಗುತ್ತದೆ. ಒಳ್ಳೆಯ ಗಿಟಾರುಗಳ ಬೆನ್ನು ಪಕ್ಕೆಗಳಿಗೆ ಜಗತ್ತಿನ ತಯಾರಕರು ಬಯಸಿ ಕೊಳ್ಳುವ ಮರಗಳಲ್ಲಿ ನಮ್ಮ ಮಲೆನಾಡಿನಲ್ಲೂ ಬೆಳೆಯುವ ಬೀಟೆ ಒಂದು. ನಿಧಾನವಾಗಿ ಬೆಳೆಯುವ ಅಂಥ ಮರವನ್ನು ಒಂದು ಬೇಸಿಗೆಯ ಉದಾಸೀನದಿಂದ ಹಾಳುಮಾಡುವುದು ಅನ್ಯಾಯ. ಚೆನ್ನಾಗಿ ಕಾಪಾಡಿದ ಗಿಟಾರ್ ಕೊಂಡವರ ಕೈಯಿಂದ ತಂಗಿಯ ಕೈಗೆ, ಅಲ್ಲಿಂದ ನೆರೆಮನೆಯ ಮಗುವಿನ ಕೈಗೆ ದಾಟಬಲ್ಲದು. ಸಂಗೀತ ಶಾಲೆಗಳು ವಿರಳವಾಗಿರುವ ಊರಿನಲ್ಲಿ ಶ್ರುತಿಗೆ ನಿಲ್ಲುವ ಒಂದು ವಾದ್ಯವೇ ಎಷ್ಟೋ ಮಕ್ಕಳಿಗೆ ಮೊದಲ ಗುರು. ಆ ಗುರುವನ್ನು ಸಜ್ಜಾದಿಂದ ಇಳಿಸಿ ಒಳಕೋಣೆಗೆ ತರುವ ಕೆಲಸವನ್ನು ಇಂದೇ ಮಾಡಬಹುದು.