ಹತ್ತುವಾಗ ಒಳ್ಳೆ ಕಾಲು, ಇಳಿಯುವಾಗ ನೋವಿನ ಕಾಲು

ಬೆಳಗಿನ ಎಂಟು ಗಂಟೆ. ಮೈಸೂರಿನ ಆಸ್ಪತ್ರೆಯೊಂದರ ಮೂಳೆ ವಾರ್ಡಿನಲ್ಲಿ ಫಿನಾಯಿಲ್ ಹಾಕಿ ಒರೆಸಿದ ನೆಲ ಇನ್ನೂ ಆರಿಲ್ಲ. ಕಿಟಕಿ ಪಕ್ಕದ ಮಂಚದಲ್ಲಿ ಮಂಡ್ಯ ಕಡೆಯ ಹಳ್ಳಿಯ ಅಜ್ಜಿಯೊಬ್ಬರು ಮಲಗಿದ್ದಾರೆ. ವಯಸ್ಸು 72. ಎರಡು ಕಾಲಿನ ನಡುವೆ ದಪ್ಪ ದಿಂಬು, ಬಲಸೊಂಟದ ಪಕ್ಕಕ್ಕೆ ಉದ್ದನೆಯ ಬಿಳಿ ಪಟ್ಟಿ. ಬಚ್ಚಲಲ್ಲಿ ಜಾರಿ ಬಿದ್ದು ತೊಡೆಮೂಳೆಯ ಕತ್ತು ಮುರಿದಿತ್ತು. ನಿನ್ನೆ ಮಧ್ಯಾಹ್ನ ಆಪರೇಷನ್ ಆಗಿದೆ. ಥಿಯೇಟರಿಗೆ ಕರೆದೊಯ್ಯುವ ಮುಂಚೆ ಬಳೆ ತೆಗೆಸಿದ್ದಾರೆ. ಬರಿದಾದ ಮಣಿಕಟ್ಟನ್ನು ಅಜ್ಜಿ ಆಗಾಗ ಸವರಿಕೊಳ್ಳುತ್ತಾರೆ.

ಫಿಸಿಯೋಥೆರಪಿಸ್ಟ್ ಹುಡುಗಿ ವಾಕರ್ ಹಿಡಿದು ಬರುತ್ತಾಳೆ. "ಅಜ್ಜಿ, ಎದ್ದು ನಿಲ್ಲೋಣ್ವಾ?"

ಮಂಚದ ಸುತ್ತ ಇದ್ದವರು ಗಾಬರಿಯಾಗುತ್ತಾರೆ. "ನೆನ್ನೆ ತಾನೆ ಕುಯ್ದವ್ರೆ, ಇವತ್ತೇ ನಿಲ್ಲುಸ್ತೀರಾ ಮೇಡಂ?" ಎಂದು ಸೊಸೆ ಕೇಳುತ್ತಾಳೆ. ಅಜ್ಜಿ ಕಣ್ಣು ಮುಚ್ಚಿಕೊಂಡು, "ನನ್ ಕೈಲಿ ಆಗಾಕಿಲ್ಲ ಕಣವ್ವ" ಎನ್ನುತ್ತಾರೆ.

"ಆಗುತ್ತೆ ಅಜ್ಜಿ. ನಾನು ಹಿಡ್ಕೊಂಡಿರ್ತೀನಿ."

ಬಿಪಿ ನೋಡಿ, ನೋವಿನ ಮಾತ್ರೆ ಕೊಟ್ಟಾಗಿದೆಯೇ ಎಂದು ನರ್ಸನ್ನು ಕೇಳಿದ ಮೇಲೆ ಕೆಲಸ ಶುರು. ಮೊದಲು ಮಂಚದ ಅಂಚಿಗೆ ಸರಿಯಬೇಕು. ಆಪರೇಷನ್ ಆದ ಕಾಲನ್ನು ಮುಂದಕ್ಕೆ ಚಾಚಿಡಬೇಕು. ಪಾದ ಒಳಕ್ಕೆ ತಿರುಗಬಾರದು. ವಾಕರ್ ಹಿಡಿದು ಜಗ್ಗುವಂತಿಲ್ಲ. ಎರಡೂ ಕೈ ಹಾಸಿಗೆಗೆ ಊರಿ ಮೈಯನ್ನು ಮೇಲಕ್ಕೆ ತಳ್ಳಬೇಕು. ಒಂದು, ಎರಡು, ಮೂರು. ಅಜ್ಜಿ ತುಟಿ ಕಚ್ಚುತ್ತಾರೆ, ಕತ್ತಿನ ನರ ಉಬ್ಬುತ್ತದೆ, ಬಿರುಕು ಬಿಟ್ಟ ಹಿಮ್ಮಡಿ ನೆಲಕ್ಕೆ ಊರುತ್ತದೆ. ನಿಂತೇಬಿಟ್ಟರು. ವಾಕರಿನ ಹಿಡಿಯ ಮೇಲೆ ಬೆರಳ ಗಿಣ್ಣುಗಳು ಬಿಳಿಚಿವೆ, ಮೊಣಕಾಲು ನಡುಗುತ್ತಿದೆ.

"ನೆಲ ನೋಡ್ಬೇಡಿ, ನನ್ನ ನೋಡಿ. ವಾಕರ್ ಮುಂದಿಡಿ. ಈಗ ನೋವಿನ ಕಾಲು. ಈಗ ಒಳ್ಳೆ ಕಾಲು."

ಕುರ್ಚಿ ಇರುವುದು ಕೂಗಳತೆಯಲ್ಲೂ ಅಲ್ಲ, ಕೈಯಳತೆಯಲ್ಲಿ. ಅಲ್ಲಿಗೆ ಹೋಗಿ ಕೂರುವಷ್ಟರಲ್ಲಿ ಅಜ್ಜಿಯ ಹಣೆ ಬೆವರಿ ಕುಂಕುಮ ಇಳಿದಿದೆ.

ಈ ಅವಸರಕ್ಕೆ ಕಾರಣವಿದೆ. ತೊಡೆಮೂಳೆಯ ತುದಿಯ ಗುಂಡಿಗೆ ರಕ್ತ ಬರುವುದು ಮುಖ್ಯವಾಗಿ ಕತ್ತಿನ ಮೇಲೆ ಹಾಯುವ ಸಣ್ಣ ನಾಳಗಳಿಂದ. ಕತ್ತು ಮುರಿದು ಜರುಗಿದರೆ ಆ ನಾಳಗಳೂ ಹರಿಯುತ್ತವೆ, ರಕ್ತ ಸಿಗದೆ ಗುಂಡು ಸಾಯುವ ಅಪಾಯ ಹೆಚ್ಚು. ಹಾಗಾಗಿ ಈ ವಯಸ್ಸಿನವರಲ್ಲಿ ಸಾಮಾನ್ಯವಾಗಿ ಅದನ್ನು ತೆಗೆದು ಲೋಹದ್ದನ್ನು ಕೂರಿಸುತ್ತಾರೆ. ಅಜ್ಜಿ ಬೀಳುವವರೆಗೂ ಚೆನ್ನಾಗಿ ಓಡಾಡುತ್ತಿದ್ದುದರಿಂದ ಗುಂಡು, ಅದು ಕೂರುವ ಬಟ್ಟಲು ಎರಡನ್ನೂ ಬದಲಿಸಿದ್ದಾರೆ. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ 1962ರಲ್ಲಿ ಲೋಹದ ಗುಂಡು, ಗಟ್ಟಿ ಪಾಲಿಎಥಿಲೀನ್ ಬಟ್ಟಲು, ಮೂಳೆ ಸಿಮೆಂಟು ಇವನ್ನು ಒಟ್ಟುಗೂಡಿಸಿ ಹದಕ್ಕೆ ತಂದ ವಿಧಾನದ ಮುಂದುವರಿಕೆಯೇ ಇದು. ಆ ಸಿಮೆಂಟು ಥಿಯೇಟರಿನಲ್ಲೇ ಗಟ್ಟಿಯಾಗುತ್ತದೆ. ಕೀಲು ನಿನ್ನೆಯೇ ಭಾರ ಹೊರಲು ತಯಾರಾಗಿದೆ. ಇನ್ನು ತಯಾರಾಗಬೇಕಿರುವುದು ಸ್ನಾಯು, ಮನಸ್ಸು.

ಮಲಗಿಯೇ ಇದ್ದರೆ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಅದು ಶ್ವಾಸಕೋಶಕ್ಕೆ ಹೋಗಬಹುದು. ಎದೆಯಲ್ಲಿ ಕಫ ಕಟ್ಟುತ್ತದೆ, ಬೆನ್ನಿನ ಕೆಳಗೆ ಹುಣ್ಣಾಗುತ್ತದೆ. ಹೊಟ್ಟೆಗೆ ಚುಚ್ಚುವ ಸಣ್ಣ ಇಂಜೆಕ್ಷನ್, ಪಾದವನ್ನು ಮೇಲೆ ಕೆಳಗೆ ಆಡಿಸುವ ವ್ಯಾಯಾಮ, ಮೂರು ಬಣ್ಣದ ಚೆಂಡುಗಳ ಡಬ್ಬಿಯಿಂದ ಉಸಿರೆಳೆಯುವುದು, ಎಲ್ಲವೂ ಅದಕ್ಕಾಗಿಯೇ. ಮೊದಲ ದಿನ ಅಜ್ಜಿಯ ಉಸಿರಿಗೆ ಒಂದೇ ಚೆಂಡು ಏಳುತ್ತದೆ. ಮೊಮ್ಮಗ ಪಕ್ಕದಲ್ಲಿ ಕೂತು, "ಎರಡ್ನೇದು ಅಜ್ಜಿ, ಎರಡ್ನೇದು!" ಎಂದು ಹುರಿದುಂಬಿಸುತ್ತಾನೆ.

ಮರುದಿನ ಥೆರಪಿಸ್ಟ್ ಕೇಳುತ್ತಾಳೆ: "ಮನೆಗೆ ಹೋದ್ಮೇಲೆ ಎಲ್ಲಿಗೆ ನಡ್ಕೊಂಡು ಹೋಗ್ಬೇಕು ನಿಮಗೆ?"

ಅಜ್ಜಿ ಯೋಚಿಸುವುದೇ ಇಲ್ಲ. "ಡೈರಿಗೆ. ಹಾಲು ಹಾಕಾಕೆ."

"ಎಷ್ಟು ದೂರ? ಮಧ್ಯೆ ಮೆಟ್ಟಿಲಿದೆಯಾ?"

"ನಮ್ ಜಗುಲಿಗೆ ಮೂರು, ಡೈರಿಗೆ ಎರಡು."

ಹಾಗಾದರೆ ಮೆಟ್ಟಿಲು ಕಲಿಯಲೇಬೇಕು. ಕಾರಿಡಾರಿನ ತುದಿಯ ಮೆಟ್ಟಿಲಿನ ಹತ್ತಿರ ಪಾಠ ನಡೆಯುತ್ತದೆ. ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಮೈಯನ್ನು ಮೇಲೆತ್ತುವ ಕೆಲಸವೂ, ಮೆಲ್ಲಗೆ ಕೆಳಗಿಳಿಸುವ ಕೆಲಸವೂ ಗಟ್ಟಿ ಕಾಲಿನದೇ. ಅಜ್ಜಿ ಬಾಯಿಪಾಠ ಮಾಡುತ್ತಾ ಒಂದೊಂದೇ ಮೆಟ್ಟಿಲು ಹತ್ತುತ್ತಾರೆ.

ನಿಜವಾದ ಪರೀಕ್ಷೆ ಶುರುವಾಗುವುದು ಮನೆಯಲ್ಲಿ. ನಮ್ಮ ಬದುಕೆಲ್ಲ ನೆಲದ ಮೇಲೆ. ಊಟಕ್ಕೆ ಚಕ್ಕಳಮಕ್ಕಳ, ತರಕಾರಿ ಹೆಚ್ಚಲು ಈಳಿಗೆಮಣೆ, ಮಲಗಲು ಚಾಪೆ, ಶೌಚಕ್ಕೆ ಕುಕ್ಕರುಗಾಲು. ಅಜ್ಜಿಗೆ ಹಿಂಬದಿಯಿಂದ ಕೊಯ್ದು ಆಪರೇಷನ್ ಆಗಿರುವುದರಿಂದ ಸೊಂಟ 90 ಡಿಗ್ರಿಗಿಂತ ಹೆಚ್ಚು ಬಗ್ಗಬಾರದು, ಕಾಲ ಮೇಲೆ ಕಾಲು ಹಾಕಬಾರದು; ತಪ್ಪಿದರೆ ಗುಂಡು ಬಟ್ಟಲಿನಿಂದ ಜಾರಬಹುದು. ಮಗ ಟೇಪು ಹಿಡಿದು ಮನೆಯೆಲ್ಲ ಅಳೆದಿದ್ದಾನೆ. ಮಂಚದ ಕಾಲಿಗೆ ಮರದ ದಿಮ್ಮಿ ಕೊಟ್ಟು ಎತ್ತರಿಸಿದ್ದಾನೆ, ಶೌಚಕ್ಕೆ ಕಮೋಡ್ ಕುರ್ಚಿ ತಂದಿದ್ದಾನೆ, ಗೋಡೆಗೆ ಸ್ಟೀಲಿನ ಹಿಡಿ ಕೂರಿಸಿದ್ದಾನೆ, ಜಾರುವ ಕಾಲೊರೆಸುಗಳನ್ನೆಲ್ಲ ಎತ್ತಿಟ್ಟಿದ್ದಾನೆ. ಮುದ್ದೆ, ಸಾರು ಈಗ ಅಜ್ಜಿ ಕೂತ ಕುರ್ಚಿಯ ಎದುರು ಎತ್ತರದ ಸ್ಟೂಲಿನ ಮೇಲೆ ಬರುತ್ತವೆ.

ನೋಡಲು ಬಂದವರೆಲ್ಲ ಹೇಳುವುದು ಒಂದೇ ಮಾತು: "ಯಾಕವ್ವ ಎದ್ದೆ? ಸುಮ್ಕೆ ಮಲಕ್ಕೊ." ಅದು ಪ್ರೀತಿಯ ಮಾತೇ. ಆದರೆ ಈ ಪ್ರೀತಿಯೇ ಎಷ್ಟೋ ಹಿರಿಯರನ್ನು ಹಾಸಿಗೆಗೆ ಅಂಟಿಸಿಬಿಟ್ಟಿದೆ. ಎದುರಿಗಿರುವವರು ನೋವಿನಿಂದ ಮುಖ ಹಿಂಡುವಾಗ "ಇನ್ನೊಂದು ಹೆಜ್ಜೆ" ಎನ್ನಲು ಗಟ್ಟಿ ಮನಸ್ಸು ಬೇಕು. ಸೊಸೆ ಈಗ ಅದನ್ನು ಕಲಿತಿದ್ದಾಳೆ. ಅಜ್ಜಿ ಕಿಟಕಿಯ ಸರಳು ಹಿಡಿದು ನಿಂತು ಬಲಗಾಲನ್ನು ಪಕ್ಕಕ್ಕೆ ಎತ್ತುತ್ತಾರೆ. ಸೊಸೆ ರೊಟ್ಟಿ ತಟ್ಟುತ್ತಲೇ ಎಣಿಸುತ್ತಾಳೆ. ಸೊಂಟದ ಪಕ್ಕದ ಸ್ನಾಯು ಬಲವಾಗದಿದ್ದರೆ ಪ್ರತಿ ಹೆಜ್ಜೆಗೂ ಮೈ ವಾಲುತ್ತದೆ.

ಎಲ್ಲ ದಿನವೂ ಒಂದೇ ತರ ಇರುವುದಿಲ್ಲ. ಒಂದು ರಾತ್ರಿ ನಿದ್ದೆ ಬಾರದೆ ಅಜ್ಜಿ ಅಳುತ್ತಾರೆ: "ನಿಮ್ಗೆಲ್ಲ ಭಾರ ಆದೆ." ಮಗ ಮಂಚದ ಅಂಚಿನಲ್ಲಿ ಕೂತು ಊದಿದ ಪಾದ ನೀವುತ್ತಾನೆ. "ಭಾರ ಅಂತ ಯಾರವ್ವ ಅಂದೋರು? ಹಸ ನನ್ ಕೈಗೆ ಸರ್ಯಾಗಿ ಹಾಲ್ ಕೊಡಾಕಿಲ್ಲ. ನೀನು ಬೇಗ ಏಳು." ಬೆಳಿಗ್ಗೆ ಎಲ್ಲರಿಗಿಂತ ಮೊದಲು ವಾಕರಿನ ಸದ್ದು ಕೇಳಿಸುತ್ತದೆ.

ಹೊಲಿಗೆ ಬಿಚ್ಚಿದ್ದಾಯಿತು. ಆರನೇ ವಾರದ ಎಕ್ಸ್‌ರೇಯಲ್ಲಿ ಕೀಲು ಸರಿಯಾಗಿ ಕೂತಿದೆ. ಡಾಕ್ಟರು ವಾಕರ್ ಬಿಡಿಸಿ ಊರುಗೋಲು ಕೊಡುತ್ತಾರೆ. ಅಜ್ಜಿ ಅದನ್ನು ಬಲಗೈಗೆ ತೆಗೆದುಕೊಂಡಾಗ ತಿದ್ದುತ್ತಾರೆ: ಬಲಸೊಂಟಕ್ಕೆ ಎಡಗೈ ಕೋಲು, ಆಗಲೇ ಸೊಂಟದ ಮೇಲಿನ ಭಾರ ಇಳಿಯುವುದು. ಸವೆದ ಮೂಳೆಗೆ ಔಷಧಿ, ಕ್ಯಾಲ್ಸಿಯಂ, ವಿಟಮಿನ್ ಡಿ ಬರೆಯುತ್ತಾರೆ. ಒಮ್ಮೆ ಹೀಗೆ ಮೂಳೆ ಮುರಿದವರಿಗೆ ಮತ್ತೊಮ್ಮೆ ಮುರಿಯುವ ಸಾಧ್ಯತೆ ಹೆಚ್ಚು.

ಇವತ್ತು ಅಜ್ಜಿ ಡೈರಿಗೆ ಹೊರಟಿದ್ದಾರೆ. ಕೈಯಲ್ಲಿ ಹೊಸ ಹಸಿರು ಬಳೆ. ಕ್ಯಾನು ಮೊಮ್ಮಗನ ಕೈಯಲ್ಲಿ. ಜಗುಲಿಯ ಮೂರು ಮೆಟ್ಟಿಲು ಇಳಿಯುತ್ತಾರೆ, ನೋವಿನ ಕಾಲು ಮೊದಲು. ದಾರಿಯಲ್ಲಿ ಮಾತನಾಡಿಸಿದವರಿಗೆಲ್ಲ ನಿಲ್ಲದೆಯೇ ಉತ್ತರ ಕೊಡುತ್ತಾರೆ. ಡೈರಿಯ ಎರಡು ಮೆಟ್ಟಿಲು, ಒಳ್ಳೆ ಕಾಲು ಮೊದಲು. ಸಾಲಿನಲ್ಲಿದ್ದವರು ಸರಿದು ಜಾಗ ಬಿಡಲು ಹೋದರೆ, "ನನ್ ಸರದಿ ಬರ್ಲಿ, ನಿಂತ್ಕತೀನಿ" ಎನ್ನುತ್ತಾರೆ. ಸರದಿ ಬರುತ್ತದೆ, ಹಾಲು ಅಳೆಯುತ್ತಾರೆ, ಚೀಟಿ ಕೈಗೆ ಬರುತ್ತದೆ. ಅಜ್ಜಿ ಅದನ್ನು ಮೊಮ್ಮಗನಿಂದ ಓದಿಸಿಕೊಂಡು ಎಲ್ಲರಿಗೂ ಕೇಳುವಂತೆ ದಬಾಯಿಸುತ್ತಾರೆ: "ಇದೇನಪ್ಪ, ಫ್ಯಾಟ್ ಇಷ್ಟು ಕಮ್ಮಿ ಬಂದದೆ? ಇನ್ನೊಂದ್ಸಲ ಹಾಕಿ ನೋಡು!"