ಹುಳು ನಮ್ಮದು, ರೇಷ್ಮೆ ಎಲ್ಲಿಯದು?

ನಾನಾಗ ಆರನೆಯ ತರಗತಿಯಲ್ಲಿದ್ದೆ. 'ನಮ್ಮ ಮನೆಯ ಕಸುಬು' ಎಂಬ ವಿಷಯದ ಮೇಲೆ ಒಂದು ಪುಟ ಬರೆದುಕೊಂಡು ಬನ್ನಿ ಎಂದಿದ್ದರು ಕನ್ನಡ ಮೇಷ್ಟ್ರು. ಶ್ರೀನಿವಾಸಪುರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಆಗ ಹೆಚ್ಚು ಕಡಿಮೆ ಎಲ್ಲ ಮನೆಗಳಲ್ಲೂ ಹುಳು ಸಾಕುತ್ತಿದ್ದರು. ಹೀಗಾಗಿ ಬರೆಯುವುದಕ್ಕೆ ನನಗೇನೂ ಕಷ್ಟವಾಗಲಿಲ್ಲ. 'ನಮ್ಮ ಮನೆಯಲ್ಲಿ ಪಟ್ಟು ಹುಳು ಸಾಕುತ್ತೇವೆ' ಎಂದು ಶುರು ಮಾಡಿ, ಹಿಪ್ಪುನೇರಳೆ ಸೊಪ್ಪು, ತಟ್ಟೆ, ಹುಳುವಿಗೆ ಬರುವ ನಾಲ್ಕು ಜ್ವರ, ಚಂದ್ರಿಕೆ, ಗೂಡು ಎಲ್ಲವನ್ನೂ ಬರೆದು ತುಂಬಿಸಿದೆ.

ಮೇಷ್ಟ್ರು ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದತೊಡಗಿದರು. ಮೊದಲನೆಯ ಸಾಲಿನಲ್ಲೇ ನಿಂತರು. "ಏನಯ್ಯಾ, ನಿಮ್ಮ ಮನೆ ಹುಳು ಯಾವುದಕ್ಕೆ ಪಟ್ಟು ಹಿಡಿದು ಕೂತಿದೆ?" ಎಂದರು. ಇಡೀ ತರಗತಿ ಗೊಳ್ಳೆಂದಿತು. ಅವರು ಕೆಂಪು ಶಾಯಿಯಲ್ಲಿ 'ಪಟ್ಟು'ವನ್ನು ಹೊಡೆದುಹಾಕಿ ಮೇಲೆ 'ರೇಷ್ಮೆ' ಎಂದು ಬರೆದರು. "ಅದು ತೆಲುಗು ಕಣಯ್ಯಾ. ಶುದ್ಧ ಕನ್ನಡ ಬರಿ" ಎಂದರು. ಒಳ್ಳೆಯ ಮೇಷ್ಟ್ರೇ. ನನ್ನ ಕೈಗೆ ಮೊದಲು ಕತೆ ಪುಸ್ತಕ ಕೊಟ್ಟವರೂ ಅವರೇ. ಆದರೆ ಆ ನಗು ಮಾತ್ರ ನನ್ನ ಕಿವಿಯಿಂದ ಹೋಗಲಿಲ್ಲ.

ಕೆಲವು ದಿನಗಳ ಮೇಲೆ ನಾನು ಮರೆತು ಬಂದಿದ್ದ ಬುತ್ತಿಯನ್ನು ಹಿಡಿದುಕೊಂಡು ಅವ್ವ ಶಾಲೆಗೆ ಬಂದಳು. ನಮ್ಮ ಕಡೆ ತೆಲುಗು ಮನೆಗಳಲ್ಲಿ ಅಜ್ಜಿಯನ್ನು ಅವ್ವ ಎನ್ನುತ್ತಾರೆ. ಬಾಗಿಲಲ್ಲಿ ನಿಂತು "ರಾ ನಾಯನಾ" ಎಂದು ಕರೆದಳು. ನಾನು ಓಡಿಹೋಗಿ ಬುತ್ತಿ ಕಿತ್ತುಕೊಂಡು, "ಇಲ್ಲಿ ತೆಲುಗು ಮಾತಾಡಬೇಡ, ಹೋಗು" ಎಂದೆ. ಅವಳಿಗೆ ಬರುತ್ತಿದ್ದುದು ಅದೊಂದೇ ಮಾತು. ಏನೂ ಅನ್ನದೆ ಹೊರಟುಹೋದಳು. ಮತ್ತೆಂದೂ ಆ ಬಾಗಿಲಿಗೆ ಬರಲಿಲ್ಲ.

ಇದೆಲ್ಲ ನೆನಪಾದದ್ದು ಹತ್ತು ವರ್ಷ ಕಳೆದ ಮೇಲೆ, ಬೆಂಗಳೂರಿನ ಒಂದು ಗ್ರಂಥಾಲಯದಲ್ಲಿ. ಬೇರೇನನ್ನೋ ಹುಡುಕುತ್ತಾ ನಿಘಂಟು ತಿರುವಿಹಾಕುತ್ತಿದ್ದೆ. 'ರೇಷ್ಮೆ' ಕಣ್ಣಿಗೆ ಬಿತ್ತು. ಮೇಷ್ಟ್ರು ಬರೆದ 'ಶುದ್ಧ ಕನ್ನಡ' ಪದದ ಬೇರು ಪರ್ಶಿಯನ್ ಭಾಷೆಯಲ್ಲಿತ್ತು! ಅಲ್ಲಿ ರೇಷ್ಮೆಗೆ 'ಅಬ್ರೇಶಮ್' ಎನ್ನುತ್ತಾರೆ. ಮುಂದಿನ 'ಅಬ್' ಉದುರಿ ಉರ್ದು, ಹಿಂದಿಗಳಲ್ಲಿ 'ರೇಶಮ್' ಆಯಿತು. ಮರಾಠಿಯಲ್ಲಿ 'ರೇಶೀಮ್' ಆಯಿತು. ನಮ್ಮ ಬಾಯಲ್ಲಿ ಕೊನೆಗೊಂದು ಎಕಾರ ಸೇರಿ 'ರೇಷ್ಮೆ' ಆಯಿತು. ನೂಲುವುದಕ್ಕೆ ಪರ್ಶಿಯನ್ನಿನಲ್ಲಿ 'ರಿಶ್ತನ್' ಎನ್ನುತ್ತಾರೆ. ಈ ಎರಡೂ ಒಂದೇ ಧಾತುವಿನವು ಎಂದು ವಿದ್ವಾಂಸರು ಊಹಿಸುತ್ತಾರೆ.

ಈ ಪದ ತೆಂಕಣಕ್ಕೆ ಮಾತ್ರ ಬಂದದ್ದಲ್ಲ, ಬಡಗಣಕ್ಕೂ ಹೋಗಿದೆ. ಕಪ್ಪು ಸಮುದ್ರಕ್ಕೂ ಕ್ಯಾಸ್ಪಿಯನ್ ಸಮುದ್ರಕ್ಕೂ ನಡುವೆ ಕಾಕಸಸ್ ಪರ್ವತಗಳಿವೆ. ಅಲ್ಲಿನ ಜಾರ್ಜಿಯಾ ದೇಶದವರು ರೇಷ್ಮೆಗೆ ಇಂದಿಗೂ 'ಅಬ್ರೆಶುಮಿ' ಎನ್ನುತ್ತಾರೆ. ನಾವು ಉದುರಿಸಿಕೊಂಡ 'ಅಬ್' ಅವರಲ್ಲಿ ಉಳಿದುಕೊಂಡಿದೆ. ಅಲ್ಲಿಯೂ ಹಿಪ್ಪುನೇರಳೆ ಬೆಳೆದು ಹುಳು ಸಾಕಿದ ರೈತರಿದ್ದರು. ರಾಜಧಾನಿ ಟಿಬಿಲಿಸಿಯಲ್ಲಿ 1887ರಲ್ಲಿ ಕಾಕಸಸ್ ಪ್ರಾಂತ್ಯಕ್ಕೆಂದೇ ಒಂದು ರೇಷ್ಮೆ ಕೇಂದ್ರ ಸ್ಥಾಪನೆಯಾಯಿತು. ಅದರ ವಸ್ತುಸಂಗ್ರಹಾಲಯ ಇಂದಿಗೂ ಉಳಿದುಬಂದಿದೆ.

ಹಾಗಾದರೆ ಕನ್ನಡಕ್ಕೂ ಜಾರ್ಜಿಯನ್ ಭಾಷೆಗೂ ನೆಂಟಸ್ತನ ಇದೆಯೇ? ಮಕ್ಕಳು ಎಡವುವುದು ಇಲ್ಲೇ. ದೊಡ್ಡವರೂ ಎಡವಿದ್ದಾರೆ. ಜಾರ್ಜಿಯನ್ ಭಾಷೆ ಕಾರ್ಟ್ವೇಲಿಯನ್ ಎಂಬ ಪುಟ್ಟ ಕುಟುಂಬಕ್ಕೆ ಸೇರಿದ್ದು, ಪರ್ಶಿಯನ್ ಇಂಡೋ-ಯುರೋಪಿಯನ್ ಕುಟುಂಬದ್ದು, ಕನ್ನಡ ದ್ರಾವಿಡ ಕುಟುಂಬದ್ದು. ಮೂರು ಬೇರೆ ಬೇರೆ ಮನೆತನಗಳು ಒಂದೇ ಸಂತೆಯಲ್ಲಿ ಒಂದೇ ಸರಕು ಕೊಂಡಂತೆ. ಸರಕಿನ ಜೊತೆಗೆ ಅದರ ಹೆಸರೂ ಬಂತು. ಅಷ್ಟಕ್ಕೇ ಬೀಗತನ ಆಗುವುದಿಲ್ಲ.

ಸದ್ದು ಒಂದೇ ಇದ್ದರೂ ಮೋಸ ಹೋಗಬಹುದು. ಜಾರ್ಜಿಯನ್ನಿನಲ್ಲಿ 'ಮಾಮಾ' ಎಂದರೆ ಯಾರು ಗೊತ್ತೇ? ಅಪ್ಪ! ತಾಯಿಗೆ ಅವರು 'ದೇದಾ' ಎನ್ನುತ್ತಾರೆ. ಮುಳಬಾಗಿಲಿನ ಹುಡುಗನೊಬ್ಬ ಅಲ್ಲಿಗೆ ಹೋಗಿ 'ಮಾಮಾ' ಎಂದು ಕರೆದರೆ ಏನೇನು ಫಜೀತಿಯಾದೀತೋ. ಯುರೋಪಿನ ಪಶ್ಚಿಮ ಅಂಚಿನ ಬಾಸ್ಕ್ ಭಾಷೆಗೂ ಕಾಕಸಸ್ ಭಾಷೆಗಳಿಗೂ ನಂಟು ಹೇಳಿದ ಪಂಡಿತರಿದ್ದಾರೆ. ಪ್ರಾಚೀನ ಇರಾನಿನ ಎಲಾಮೈಟ್ ಭಾಷೆಗೂ ನಮ್ಮ ದ್ರಾವಿಡ ಭಾಷೆಗಳಿಗೂ ನಂಟು ಹೇಳಿದವರೂ ಇದ್ದಾರೆ. ಎಲ್ಲರೂ ಒಪ್ಪುವಂಥ ಪುರಾವೆ ಮಾತ್ರ ಸಿಕ್ಕಿಲ್ಲ.

ನಿಜವಾದ ನಂಟನ್ನು ಗುರುತಿಸುವುದು ಹೇಗೆ? ಅದಕ್ಕೆ ನಮ್ಮ ಹುಳುಮನೆಯೇ ಸಾಕು. ಹುಳು ಸೊಪ್ಪು ತಿನ್ನುವುದನ್ನು ನಿಲ್ಲಿಸಿ ಮೈ ಹೊಳೆಯತೊಡಗಿದಾಗ ಅವ್ವ "ಪುರುಗುಲು ಪಂಡಿನಾಯಿ" ಎನ್ನುತ್ತಿದ್ದಳು. ಅದೇ ಹೊತ್ತಿಗೆ ಪಕ್ಕದ ಕನ್ನಡದ ಮನೆಯಲ್ಲಿ "ಹುಳು ಹಣ್ಣಾಗಿವೆ" ಎನ್ನುತ್ತಿದ್ದರು. ಎರಡನ್ನೂ ಒಂದರ ಕೆಳಗೊಂದು ಬರೆದು ನೋಡಿ. ಪುರುಗು–ಹುಳು, ಪಂಡು–ಹಣ್ಣು. ತೆಲುಗಿನಲ್ಲಿ ಪಕಾರವಿದ್ದ ಕಡೆ ಕನ್ನಡದಲ್ಲಿ ಹಕಾರ. ಪಾಲು–ಹಾಲು, ಪುಲಿ–ಹುಲಿ, ಪಲ್ಲು–ಹಲ್ಲು. ಒಂದೆರಡು ಪದಗಳ ಕಾಕತಾಳೀಯವಲ್ಲ, ಹತ್ತಾರು ಪದಗಳಲ್ಲಿ ಒಂದೇ ನಿಯಮ. ಹಳಗನ್ನಡದಲ್ಲಿ ಇವೆಲ್ಲ ಪಕಾರದಲ್ಲೇ ಇದ್ದವು. ತಮಿಳಿನಲ್ಲಿ ಇಂದಿಗೂ ಹಾಗೆಯೇ ಇವೆ. ಭಾಷಾಶಾಸ್ತ್ರಜ್ಞರು ನಂಟು ಎನ್ನುವುದು ಇಂಥ ಕ್ರಮಬದ್ಧ ಹೋಲಿಕೆಗೆ.

ಬಸ್ಸಿನಲ್ಲಿ ಕುಳಿತೇ ಈ ನಿಯಮವನ್ನು ನೋಡಬಹುದು. ಮಾಲೂರಿನ ಕಡೆ ಊರ ಹೆಸರುಗಳು 'ಹಳ್ಳಿ' ಎಂದು ಮುಗಿಯುತ್ತವೆ. ಮಾಸ್ತಿಯವರು ಹುಟ್ಟಿದ ಹುಂಗೇನಹಳ್ಳಿಯ ಹಾಗೆ. ಕೋಲಾರ ದಾಟಿ ಶ್ರೀನಿವಾಸಪುರದ ಆಚೆ ಹೋದರೆ ಗೌನಿಪಲ್ಲಿಯಂಥ 'ಪಲ್ಲಿ'ಗಳು ಎದುರಾಗುತ್ತವೆ. ಶ್ರೀನಿವಾಸಪುರಕ್ಕೇ ಹಿಂದೆ ಪಾಪನಪಲ್ಲಿ ಎಂಬ ಹೆಸರಿತ್ತು. ಪಲ್ಲಿ, ಹಳ್ಳಿ ಎರಡೂ ಒಂದೇ ಪದ.

ಈ ಒಕ್ಕಲು ಮನೆ ಭಾಷೆಗಳ ನಂಟನ್ನು ಪಂಡಿತರು ಬರೆದಿಟ್ಟದ್ದು ಬಹಳ ಹಿಂದೇನಲ್ಲ. ತೆಲುಗು, ತಮಿಳು, ಕನ್ನಡಗಳು ಒಂದೇ ಕುಟುಂಬದವು ಎಂದು ಮದರಾಸಿನ ಎಲ್ಲಿಸ್ 1816ರಲ್ಲಿ ತೋರಿಸಿದ. ಕಾಲ್ಡ್ವೆಲ್ಲನ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ 1856ರಲ್ಲಿ ಬಂತು. ನಮ್ಮ ಹುಳುಮನೆಗಳ ಗೋಡೆಗಳಿಗೆ ಅದು ಮೊದಲೇ ಗೊತ್ತಿತ್ತು.

ಹಾಗಾಗಿ 'ರೇಷ್ಮೆ ಹುಳು' ಎಂಬ ಜೋಡಿಯಲ್ಲಿ ಹುಳು ನಮ್ಮ ಮನೆಯದು, ರೇಷ್ಮೆ ದೂರದ ಅತಿಥಿ. ಮೈಸೂರು ಸೀಮೆಗೆ ಹುಳುವನ್ನು ತರಿಸಿದ್ದು ಟಿಪ್ಪು. ಮಸ್ಕತ್ತಿನಿಂದ, ಬಂಗಾಳದಿಂದ ಹುಳು ತರಿಸುವ ಬಗ್ಗೆ 1780ರ ದಶಕದಲ್ಲಿ ಅವನು ಬರೆಸಿದ ಪರ್ಶಿಯನ್ ಪತ್ರಗಳು ಇಂಗ್ಲಿಷಿಗೆ ಅನುವಾದವಾಗಿ 1811ರಲ್ಲಿ ಅಚ್ಚಾದವು. ಅವನ ತಂದೆ ಹೈದರಾಲಿ ಹುಟ್ಟಿದ್ದು ನಮ್ಮ ಜಿಲ್ಲೆಯ ಬೂದಿಕೋಟೆಯಲ್ಲೇ.

ಅವ್ವನ 'ಪಟ್ಟು' ಎಲ್ಲಿಯದು? ಅದೂ ಪ್ರಯಾಣ ಮಾಡಿ ಬಂದದ್ದೇ. ಸಂಸ್ಕೃತದಲ್ಲಿ 'ಪಟ್ಟ' ಎಂದರೆ ಬಟ್ಟೆಯ ಪಟ್ಟಿ, ತಲೆಗೆ ಕಟ್ಟುವ ಪಟ್ಟಿ. ರೇಷ್ಮೆ ಎಂಬ ಅರ್ಥವೂ ಉಂಟು. ಅದು ತೆಲುಗು, ತಮಿಳುಗಳಲ್ಲಿ 'ಪಟ್ಟು', ಕನ್ನಡದಲ್ಲಿ 'ಪಟ್ಟೆ'. ಮದುವೆಗೆ ಉಡುವ ಪಟ್ಟೆಸೀರೆ ಗೊತ್ತಲ್ಲ? ಪೂಜೆಯ ದಿನ ನಮ್ಮ ಮೇಷ್ಟ್ರು ಉಡುತ್ತಿದ್ದುದೂ ಪಟ್ಟೆಮಡಿಯೇ! ನನ್ನ ಪುಸ್ತಕದಲ್ಲಿ ಹೊಡೆದುಹಾಕಿದ ಪದವನ್ನು ಅವರು ಸೊಂಟಕ್ಕೆ ಸುತ್ತಿಕೊಂಡಿದ್ದರು.

ಇದನ್ನೆಲ್ಲ ಅವ್ವನಿಗೆ ಹೇಳಬೇಕೆಂದು ಆ ಶನಿವಾರವೇ ಊರಿಗೆ ಹೋದೆ. ಅವಳು ಹುಳುವಿಗೆ ಸೊಪ್ಪು ಹಾಕುತ್ತಿದ್ದಳು. ಪಕ್ಕದಲ್ಲಿ ಕೂತು ಪರ್ಶಿಯಾ, ಜಾರ್ಜಿಯಾ ಎಲ್ಲವನ್ನೂ ತೆಲುಗಿನಲ್ಲಿ ವಿವರಿಸಿದೆ. ಎಷ್ಟೋ ವರ್ಷಗಳ ಮೇಲೆ ಅವಳೊಡನೆ ಅಷ್ಟು ಹೊತ್ತು ಮಾತಾಡಿದ್ದೆ. ಎಲ್ಲ ಕೇಳಿ ನಕ್ಕು, ಹೆಸರು ಎಲ್ಲಿಂದ ಬಂದರೇನಪ್ಪ, ಸೊಪ್ಪು ಹಾಕಿದವರ ಹುಳು ಎಂದಳು. ಬುತ್ತಿಯ ವಿಷಯ ಇಬ್ಬರೂ ಎತ್ತಲಿಲ್ಲ.

ತಂದೆ ತಾಯಂದಿರಲ್ಲಿ ನನ್ನದೊಂದು ಕೋರಿಕೆ. ಮಗುವಿನ ಬಾಯಲ್ಲಿ ಮನೆಯ ಪದವೊಂದು ಬಂದರೆ ತಪ್ಪೆಂದು ಗದರಬೇಡಿ. ಶಾಲೆಯ ಕನ್ನಡವನ್ನು ಅವರು ಚೆನ್ನಾಗಿ ಕಲಿಯಲೇಬೇಕು. ಅದಕ್ಕಾಗಿ ಅಜ್ಜಿಯ ಮಾತನ್ನು ಹೊರಗೆ ಕಳಿಸಬೇಕಾಗಿಲ್ಲ. ವಿದ್ಯಾರ್ಥಿಗಳೇ, ಈ ಭಾನುವಾರ ಒಂದು ಕೆಲಸ ಮಾಡಿ. ಮನೆಯ ಹಿರಿಯರನ್ನು ಕೇಳಿ ಹೊಲದ, ಅಡುಗೆಮನೆಯ ಇಪ್ಪತ್ತು ಪದಗಳನ್ನು ಬರೆದುಕೊಳ್ಳಿ. ಪಕ್ಕದಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ರೂಪಗಳನ್ನು ಬರೆಯಿರಿ. ಯಾವುದು ನೆಂಟ, ಯಾವುದು ಅತಿಥಿ ಎಂದು ನೀವೇ ಗುರುತಿಸಿ. ನಮ್ಮ ಕೋಲಾರ ಸೀಮೆಯ ಮಕ್ಕಳಿಗೆ ಇದಕ್ಕಾಗಿ ನೆರೆಮನೆ ದಾಟಿ ಹೋಗಬೇಕಾಗಿಲ್ಲ.